ಚೆಂಡು ಹಿಡಿದವನು ಸಿಕ್ಕಿಬಿದ್ದರೆ ಮುಂದೇನು?

ಕಾಸರಗೋಡಿನಲ್ಲಿ ಫುಟ್‌ಬಾಲ್ ಎಂದರೆ ಯಾವ ಫುಟ್‌ಬಾಲ್ ಎಂದು ಯಾರೂ ಕೇಳುವುದಿಲ್ಲ. ನಮಗೆ ಗೊತ್ತಿರುವುದು ಒಂದೇ. 2022ರ ಕತಾರ್ ವಿಶ್ವಕಪ್ ಹೊತ್ತಿಗೆ ತೃಕ್ಕರಿಪುರದಿಂದ ಮಂಜೇಶ್ವರದವರೆಗೆ ಪೇಟೆ ಪೇಟೆಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಬಾವುಟಗಳು ಹಾರಾಡಿದವು. ಡಿಸೆಂಬರ್ 18ರ ರಾತ್ರಿ ಅರ್ಜೆಂಟೀನಾ ಮತ್ತು ಫ್ರಾನ್ಸ್ 3-3ರಲ್ಲಿ ಸಮನಾಗಿ, ಕೊನೆಗೆ ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆಲ್ಲುವವರೆಗೂ ಕ್ಲಬ್ಬಿನ ಪರದೆಯ ಮುಂದೆ ಕುಳಿತವರು ಕದಲಲಿಲ್ಲ. ಇಂಥ ಊರಿಗೆ, ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಗ್ಗೆ, ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗನ ಫೋನ್ ಬಂತು: "ಮಾವ, ಇವತ್ತು ಇಲ್ಲಿ ಫುಟ್‌ಬಾಲ್ ಫೈನಲ್. ಊರಿನ ಹತ್ತು ಗಂಟೆಗೆ ಶುರು. ನೋಡದೆ ಇರಬೇಡಿ."

ಪರದೆಯಲ್ಲಿ ಕಂಡದ್ದು ಮೊಟ್ಟೆಯಾಕಾರದ ದೊಡ್ಡ ಮೈದಾನ. ತಂಡಕ್ಕೆ 18 ಮಂದಿ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ಬಲೆಯೂ ಇಲ್ಲ, ಮೇಲೆ ಅಡ್ಡಪಟ್ಟಿಯೂ ಇಲ್ಲ. ಎದುರಾಳಿಯ ಬೆನ್ನಿಗೆ ಮೊಣಕಾಲು ಕೊಟ್ಟು ಹಾರಿದವನೊಬ್ಬ ಎರಡೂ ಕೈಗಳಿಂದ ಚೆಂಡು ಹಿಡಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಜೊತೆಗೆ ಕುಳಿತಿದ್ದ ನೆರೆಮನೆಯ ಹುಡುಗ ನಮ್ಮೂರಿನ ಏಳು ಮಂದಿಯ 'ಸೆವೆನ್ಸ್' ತಂಡದಲ್ಲಿ ಆಡುವವನು. "ಕೈಯಲ್ಲಿ ಹಿಡಿದರೂ ಸೀಟಿ ಊದುವುದಿಲ್ಲವಲ್ಲ ಮಾಸ್ಟ್ರೇ, ಇದು ಯಾವ ಫುಟ್‌ಬಾಲ್?" ಎಂದು ಕೇಳಿದ.

ಅವನ ಪ್ರಶ್ನೆಗೆ ಉತ್ತರ ಉಂಟು, ಸ್ವಲ್ಪ ಉದ್ದವಾದ ಉತ್ತರ. ಜಗತ್ತಿನಲ್ಲಿ ಇವತ್ತು ದೊಡ್ಡ ಮಟ್ಟದಲ್ಲಿ ಆಡುವ ಫುಟ್‌ಬಾಲ್‌ಗಳು ಏಳು: ನಾವು ಆಡುವ ಅಸೋಸಿಯೇಷನ್ ಫುಟ್‌ಬಾಲ್, ರಗ್ಬಿ ಯೂನಿಯನ್, ರಗ್ಬಿ ಲೀಗ್, ಅಮೆರಿಕನ್, ಕೆನಡಿಯನ್, ಅವತ್ತು ನಾವು ಪರದೆಯಲ್ಲಿ ನೋಡಿದ ಆಸ್ಟ್ರೇಲಿಯನ್ ರೂಲ್ಸ್ ಮತ್ತು ಐರ್ಲೆಂಡಿನ ಗೇಲಿಕ್. ಒಂದೊಂದರ ನಿಯಮ ಪುಸ್ತಕವನ್ನೂ ಬಾಯಿಪಾಠ ಮಾಡಲು ಹೊರಟರೆ ಫೈನಲ್ ಮುಗಿದಿರುತ್ತದೆ. ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು ಎಂಬುದು ನನ್ನ ಅನುಭವ. ಆಟಗಾರ ಚೆಂಡಿಗಿಂತ ಮುಂದೆ ನಿಲ್ಲಬಹುದೇ? ಕೈಯಿಂದ ಏನೇನು ಮಾಡಬಹುದು? ಚೆಂಡು ಹಿಡಿದವನನ್ನು ಎದುರಾಳಿ ತಡೆದು ನಿಲ್ಲಿಸಿದರೆ ಮುಂದೇನು? ಮೂರರಲ್ಲಿ ಕೊನೆಯದೇ ಮುಖ್ಯವಾದದ್ದು. ಆಟ ನಿಂತು ನಿಂತು ಸಾಗುತ್ತದೋ ಹೊಳೆಯಂತೆ ಹರಿಯುತ್ತದೋ, ಆಟಗಾರರು ಗಜದೇಹಿಗಳೋ ತೆಳ್ಳಗಿನವರೋ, ನಡುವೆ ಜಾಹೀರಾತು ಬರುತ್ತದೋ ಇಲ್ಲವೋ ಎಂಬುದೆಲ್ಲ ಅದರ ಉತ್ತರದಿಂದಲೇ ಹುಟ್ಟುತ್ತದೆ.

ಈ ಮೂರೂ ಪ್ರಶ್ನೆಗಳು ಒಂದೇ ಮೇಜಿನ ಮುಂದೆ ಜಗಳವಾಗಿ ಎದ್ದದ್ದು 1863ರಲ್ಲಿ. ಇಂಗ್ಲೆಂಡಿನ ಶಾಲೆ ಶಾಲೆಗೂ ಆಗ ತನ್ನದೇ ಫುಟ್‌ಬಾಲ್ ಇತ್ತು. ಕಲಿತು ಹೊರಬಂದವರು ಒಟ್ಟಿಗೆ ಆಡಲು ಹೋದರೆ ನಿಯಮದ ವಿಷಯದಲ್ಲೇ ಹೊತ್ತು ಕಳೆಯುತ್ತಿತ್ತು. ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಮೊದಲು ಸಿದ್ಧವಾದ ಕರಡಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದಕ್ಕೂ, ಓಡುವವನ ಮೊಣಕಾಲಿನ ಕೆಳಗೆ ಒದ್ದು ಬೀಳಿಸುವುದಕ್ಕೂ ಅವಕಾಶವಿತ್ತು. ಡಿಸೆಂಬರ್ ಹೊತ್ತಿಗೆ ಎರಡನ್ನೂ ತೆಗೆದುಹಾಕಿದರು. ಸೋಮವಾರ ಕಚೇರಿಗೆ, ಅಂಗಡಿಗೆ ಹೋಗಬೇಕಾದವರು ಕಾಲು ಮುರಿಸಿಕೊಳ್ಳಲು ತಯಾರಿರಲಿಲ್ಲ. ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಇದನ್ನು ಒಪ್ಪಲಿಲ್ಲ. ಒದೆಯುವುದನ್ನು ತೆಗೆದರೆ ಆಟದ ಗಂಡಸುತನವೇ ಹೋಗುತ್ತದೆ, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರನ್ನು ಕರೆತಂದರೂ ನಿಮ್ಮನ್ನು ಸೋಲಿಸಿಯಾರು ಎಂದು ಅವರ ಪ್ರತಿನಿಧಿ ವಾದಿಸಿ, ಕೊನೆಗೆ ಕ್ಲಬ್ಬೇ ಸಂಘದಿಂದ ಹೊರನಡೆಯಿತು. 1871ರಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಹುಟ್ಟಿದಾಗ ಬ್ಲ್ಯಾಕ್‌ಹೀತ್ ಅದರ ಸ್ಥಾಪಕರಲ್ಲಿತ್ತು. ಅವರು ಹಂಗಿಸಿದ ಫ್ರೆಂಚರು 1998ರಲ್ಲೂ 2018ರಲ್ಲೂ ಒದೆತವಿಲ್ಲದ ಆಟದ ವಿಶ್ವಕಪ್ ಗೆದ್ದರು.

ರಗ್ಬಿ ಶಾಲೆಯ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ 1823ರಲ್ಲಿ ಚೆಂಡನ್ನು ಎತ್ತಿಕೊಂಡು ಓಡಿದ, ಅಲ್ಲಿಂದ ರಗ್ಬಿ ಹುಟ್ಟಿತು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. 1863ರ ಜಗಳಕ್ಕೆ ದಾಖಲೆ ಇದೆ, ಮತ್ತು ಅದು ಹೆಚ್ಚು ವಿಷಯ ಹೇಳುತ್ತದೆ. ಆ ವರ್ಷ ಅಂಗೀಕಾರವಾದ ನಿಯಮಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಗಾಳಿಯಲ್ಲಿ ಬಂದ ಚೆಂಡನ್ನು ಕೈಯಲ್ಲಿ ಹಿಡಿದು, ಹಿಮ್ಮಡಿಯಿಂದ ನೆಲದಲ್ಲಿ ಗುರುತು ಹಾಕಿದರೆ ಫ್ರೀ ಕಿಕ್ ಸಿಗುತ್ತಿತ್ತು, ನಮ್ಮ ಫುಟ್‌ಬಾಲ್‌ನಲ್ಲೇ! ನಾವು ಅದನ್ನು ಬೇಗನೆ ಬಿಟ್ಟೆವು. ಆಸ್ಟ್ರೇಲಿಯದವರು ಅದನ್ನೇ ಆಟದ ಕಿರೀಟ ಮಾಡಿಕೊಂಡರು. ನೆರೆಮನೆಯ ಹುಡುಗ ನೋಡಿ ಬೆರಗಾದ ಆ ಹಾರುವ ಹಿಡಿತಕ್ಕೆ ಇವತ್ತಿಗೂ 'ಮಾರ್ಕ್' ಎಂದೇ ಹೆಸರು. ರಗ್ಬಿ ಯೂನಿಯನ್‌ನಲ್ಲಿ ತನ್ನ ತುದಿಯ 22 ಮೀಟರ್ ಒಳಗೆ ಚೆಂಡು ಹಿಡಿದು "ಮಾರ್ಕ್" ಎಂದು ಕೂಗುವವನೂ, ಅಮೆರಿಕನ್ ಆಟದಲ್ಲಿ ಎದುರಾಳಿ ಒದ್ದ ಚೆಂಡನ್ನು ಕೈ ಎತ್ತಿ ಬೀಸಿ ನಿರಾತಂಕವಾಗಿ ಹಿಡಿಯುವವನೂ ಅದೇ ಹಳೆಯ ನಿಯಮದ ವಾರಸುದಾರರು.

ಈಗ ಮೊದಲ ಪ್ರಶ್ನೆ. 1863ರ ನಿಯಮದಲ್ಲಿ ಚೆಂಡಿಗಿಂತ ಮುಂದಿರುವ ತಂಡದವರೆಲ್ಲ ಆಫ್‌ಸೈಡ್, ಅಂದರೆ ಚೆಂಡನ್ನು ಮುಟ್ಟುವಂತಿಲ್ಲ. ಚೆಂಡನ್ನು ಕಾಲಲ್ಲಿ ತಳ್ಳಿಕೊಂಡು ಗುಂಪಾಗಿ ನುಗ್ಗುವುದೇ ಆಟ. 1866ರಲ್ಲಿ ನಿಯಮ ಸಡಿಲಿಸಿ, ಗೋಲಿನ ಕಡೆ ಎದುರಾಳಿಗಳು ಮೂವರಿದ್ದರೆ ಚೆಂಡಿಗಿಂತ ಮುಂದೆ ನಿಲ್ಲಬಹುದು ಎಂದರು. ಮುಂದಕ್ಕೆ ಪಾಸ್ ಕೊಡುವ ಫುಟ್‌ಬಾಲ್ ಹುಟ್ಟಿದ್ದೇ ಆಗ. 1925ರಲ್ಲಿ ಮೂವರು ಇಬ್ಬರಾದರು, 1990ರಲ್ಲಿ ಹಿಂದಿನಿಂದ ಎರಡನೆಯ ಎದುರಾಳಿಗೆ ಸಮನಾಗಿ ನಿಂತವನೂ ಸರಿ ಎಂದಾಯಿತು. ರಗ್ಬಿಯ ಎರಡೂ ಬಗೆಗಳು ಮಾತ್ರ ಹಳೆಯ ಕಟ್ಟಳೆಯನ್ನು ಬಿಡಲೇ ಇಲ್ಲ. ಕೈಯಿಂದ ಚೆಂಡನ್ನು ಹಿಂದಕ್ಕೋ ಪಕ್ಕಕ್ಕೋ ಕೊಡಬೇಕೇ ಹೊರತು ಮುಂದಕ್ಕೆ ಎಸೆಯುವಂತಿಲ್ಲ. ಹೀಗಾಗಿ ರಗ್ಬಿಯಲ್ಲಿ ತಂಡ ಮುಂದೆ ಹೋಗುವುದು ಓಟದಿಂದ ಮತ್ತು ಒದೆತದಿಂದ ಮಾತ್ರ. ಆಸ್ಟ್ರೇಲಿಯನ್ ಮತ್ತು ಗೇಲಿಕ್ ಆಟಗಳಲ್ಲಿ ಆಫ್‌ಸೈಡ್ ಎಂಬುದೇ ಇಲ್ಲ. ಚೆಂಡಿಗಿಂತ ಮುಂದೆ ನಿಲ್ಲುವುದಕ್ಕೆ ಅಡ್ಡಿಯಿಲ್ಲ.

ಆಫ್‌ಸೈಡ್ ಇಲ್ಲದ ಆಟ ಹೇಗಿರುತ್ತದೆ ಎಂಬುದನ್ನು ತಿಳಿಯಲು ನಾವು ಮೆಲ್ಬರ್ನ್‌ಗೆ ಹೋಗಬೇಕಿಲ್ಲ. ನಮ್ಮ ಕಡೆಯ ಸೆವೆನ್ಸ್ ಪಂದ್ಯಗಳಲ್ಲಿ ಆಫ್‌ಸೈಡ್ ನೋಡುವುದಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಅಡಿಕೆ ಮರದ ಕಂಬ ನೆಟ್ಟು ಕಟ್ಟಿದ ಗ್ಯಾಲರಿಯ ನಡುವೆ, ದೀಪದ ಬೆಳಕಿನಲ್ಲಿ ಏಳು ಏಳು ಮಂದಿ ಆಡುವಾಗ ಒಬ್ಬ ಮುಂದಾಳು ಎದುರಾಳಿಯ ಗೋಲಿನ ಮುಂದೆಯೇ ಬೀಡುಬಿಟ್ಟಿರುತ್ತಾನೆ. ಅವನಿಗೊಬ್ಬ ಕಾವಲುಗಾರ ಬೇಕು. ಆಟ ಉದ್ದಕ್ಕೂ ಹರಡಿಕೊಳ್ಳುತ್ತದೆ, ನಡುವಿನ ಜಾಗ ತೆರೆದುಕೊಳ್ಳುತ್ತದೆ, ಚೆಂಡು ಒಂದು ತುದಿಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹೋಗುತ್ತದೆ. ಹನ್ನೊಂದು ಮಂದಿಯ ಆಟದಿಂದ ಬಂದವರು ಇದನ್ನು ಫುಟ್‌ಬಾಲ್ ಎಂದು ಒಪ್ಪಲು ಹಿಂಜರಿಯುತ್ತಾರೆ, ರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆಯೂ ಇದಕ್ಕಿಲ್ಲ. ಆದರೂ ಮಲಬಾರಿನ ಫುಟ್‌ಬಾಲ್ ಪ್ರೇಮಕ್ಕೆ ನೀರೆರೆದದ್ದು ಈ ಗದ್ದೆಯ ಪಂದ್ಯಗಳು. ಇಂಥ ಪಂದ್ಯಗಳ ಊರು ತೃಕ್ಕರಿಪುರ. ಅಲ್ಲಿಯವರಾದ ಮಹಮ್ಮದ್ ರಫಿ ಭಾರತ ತಂಡದಲ್ಲಿ ಆಡಿದರು, 2016ರ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದರು.

ಮುಖ್ಯ ಪ್ರಶ್ನೆಗೆ ಬರೋಣ. ಕೈಯಲ್ಲಿ ಹಿಡಿದು ಓಡಬಹುದು ಎಂದು ಒಪ್ಪಿದ ಕೂಡಲೇ, ಓಡುವವನನ್ನು ಕೆಡವಬಹುದು ಎಂದೂ ಒಪ್ಪಬೇಕಾಗುತ್ತದೆ. ಇಲ್ಲದಿದ್ದರೆ ಅವನನ್ನು ತಡೆಯುವುದಾದರೂ ಹೇಗೆ? ಕೆಡವಿದ ಮೇಲೆ ಚೆಂಡು ಯಾರದು ಎಂಬಲ್ಲಿ ಆಟಗಳ ದಾರಿ ಕವಲೊಡೆಯುತ್ತದೆ.

ರಗ್ಬಿ ಯೂನಿಯನ್ ಹೇಳುತ್ತದೆ: ಬಿದ್ದವನು ಚೆಂಡನ್ನು ಬಿಟ್ಟುಬಿಡಬೇಕು, ಕಾಲ ಮೇಲೆ ನಿಂತಿರುವವರು ಅದಕ್ಕಾಗಿ ಸೆಣಸಬೇಕು. ಟಿವಿಯಲ್ಲಿ ಕಾಣುವ ಆ ಮನುಷ್ಯರ ರಾಶಿ ಗೊಂದಲವಲ್ಲ. ಬಿದ್ದ ಚೆಂಡಿನ ಮೇಲೆ ನಡೆಯುವ ನೂಕಾಟ. ರೆಫರಿ ಅಲ್ಲಿ ನೋಡುವುದು ಬಿದ್ದವನು ಬಿಟ್ಟನೇ, ಕೆಡವಿದವನು ದೂರ ಸರಿದನೇ, ಬಂದವರು ಹಿಂದಿನಿಂದ ಬಂದರೇ ಎಂಬುದನ್ನು. ಒಬ್ಬ ತಪ್ಪಿದರೂ ಪೆನಾಲ್ಟಿ.

ರಗ್ಬಿ ಲೀಗ್‌ಗೆ ಈ ನೂಕಾಟ ಬೇಡವೆನಿಸಿತು. 1906ರಲ್ಲಿ ತಂಡವನ್ನು 15ರಿಂದ 13ಕ್ಕೆ ಇಳಿಸಿ, ಬಿದ್ದವನು ಎದ್ದು ನಿಂತು ಚೆಂಡನ್ನು ಕಾಲಲ್ಲಿ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಲಿ ಎಂದರು. ಚೆಂಡು ಅದೇ ತಂಡದಲ್ಲಿ ಉಳಿಯುತ್ತದೆ. ಆಟ ಚುರುಕಾಯಿತು, ಆದರೆ ಹೊಸ ತೊಂದರೆಯೊಂದು ಒಳಗೆ ಬಂತು. ಬಲಿಷ್ಠ ತಂಡ ಬೀಳುತ್ತ ಏಳುತ್ತ ಚೆಂಡನ್ನು ಬಿಡದೆ ಇಟ್ಟುಕೊಂಡರೆ ಎದುರಾಳಿಗೆ ಅದು ಸಿಗುವುದು ಯಾವಾಗ? ಅದಕ್ಕೆ 1966ರಲ್ಲಿ ಮಿತಿ ಹಾಕಿದರು: ನಾಲ್ಕು ಸಲ ಕೆಡವಿಸಿಕೊಂಡರೆ ಸರದಿ ಮುಗಿಯಿತು. ನಾಲ್ಕು ಕಡಿಮೆಯಾಯಿತೆಂದು ಕೆಲವು ವರ್ಷಗಳಲ್ಲಿ ಆರು ಮಾಡಿದರು. ಇವತ್ತಿಗೂ ಆರೇ.

ಇದೇ ತೊಂದರೆಗೆ ಇದೇ ಮದ್ದನ್ನು ಅಮೆರಿಕದವರು 80 ವರ್ಷಕ್ಕೂ ಮೊದಲೇ ಕಂಡುಕೊಂಡಿದ್ದರು. 1869ರಲ್ಲಿ ಪ್ರಿನ್ಸ್‌ಟನ್ ಮತ್ತು ರಟ್ಗರ್ಸ್ ಕಾಲೇಜುಗಳು ಆಡಿದ ಪಂದ್ಯದಿಂದ ಅಮೆರಿಕನ್ ಫುಟ್‌ಬಾಲ್ ಶುರುವಾಯಿತು ಎನ್ನುತ್ತಾರೆ, ಆದರೆ ಆ ಪಂದ್ಯ ನಮ್ಮ ಫುಟ್‌ಬಾಲ್‌ಗೇ ಹೆಚ್ಚು ಹತ್ತಿರ. 1874ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದವರು ಹಾರ್ವರ್ಡ್‌ಗೆ ಬಂದು ರಗ್ಬಿ ಆಡಿ ತೋರಿಸಿದ ಮೇಲೆ ಕಾಲೇಜುಗಳು ಕೈಯಾಟದ ಕಡೆ ಹೊರಳಿದವು. 1880ರಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ಒಂದು ತಿದ್ದುಪಡಿ ತಂದರು: ನೂಕಾಟ ಬೇಡ, ಎರಡು ತಂಡಗಳು ಗೆರೆಯ ಆಚೀಚೆ ನಿಲ್ಲಲಿ, ಚೆಂಡು ಒಂದೇ ತಂಡದ ಕೈಯಲ್ಲಿರಲಿ. ಮರುವರ್ಷ ಪ್ರಿನ್ಸ್‌ಟನ್ ಮತ್ತು ಯೇಲ್ ಎದುರಾದಾಗ ಒಂದು ತಂಡ ಪ್ರಥಮಾರ್ಧವಿಡೀ, ಇನ್ನೊಂದು ದ್ವಿತೀಯಾರ್ಧವಿಡೀ ಚೆಂಡನ್ನು ಬಿಡದೆ ಇಟ್ಟುಕೊಂಡವು. ಪಂದ್ಯ 0-0. ನೋಡಲು ಬಂದವರು ರೋಸಿಹೋದರು. 1882ರಲ್ಲಿ ನಿಯಮ ಬಂತು: ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಬಿಟ್ಟುಕೊಡಬೇಕು. ಅದನ್ನು ಅಳೆಯಲು ಮೈದಾನದಲ್ಲಿ ಐದೈದು ಗಜಕ್ಕೆ ಗೆರೆ ಎಳೆದರು. ಮೈದಾನಕ್ಕೆ ಆ ಪಟ್ಟೆಪಟ್ಟೆ ರೂಪ ಬಂದದ್ದು ಹಾಗೆ. ಈಗಿನ ನಿಯಮ ನಾಲ್ಕು ಪ್ರಯತ್ನ, ಹತ್ತು ಗಜ. ಅದು 1912ರಿಂದ ಬದಲಾಗಿಲ್ಲ. ಕೆನಡಾದವರು ತಂಡಕ್ಕೆ 12 ಮಂದಿಯನ್ನೂ ಮೂರೇ ಪ್ರಯತ್ನವನ್ನೂ ಉಳಿಸಿಕೊಂಡರು. ಆದ್ದರಿಂದ ಅವರ ಆಟದಲ್ಲಿ ಒದೆತ ಜಾಸ್ತಿ.

ಕಬಡ್ಡಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೊ ಕಬಡ್ಡಿಯಲ್ಲಿ ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಮಾಡು ಇಲ್ಲವೆ ಮಡಿ'. ಅಂಕ ತರದೆ ವಾಪಸ್ ಬಂದವನು ಔಟ್. ಹೊತ್ತು ಕೊಲ್ಲುವ ತಂಡವನ್ನು ಆಡುವಂತೆ ಮಾಡುವ ಉಪಾಯ ಅದು. ಅಮೆರಿಕನ್ ಆಟದ ನಾಲ್ಕನೆಯ ಪ್ರಯತ್ನಕ್ಕೂ ಅದೇ ಬಿಸಿ ಇದೆ. ಸಾಮಾನ್ಯವಾಗಿ ತಂಡಗಳು ಆಗ ಚೆಂಡನ್ನು ದೂರ ಒದ್ದು ಕೈತೊಳೆದುಕೊಳ್ಳುತ್ತವೆ, ಅಥವಾ ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುತ್ತವೆ.

2018ರ ಫೆಬ್ರುವರಿಯಲ್ಲಿ ನಡೆದ, ಅಮೆರಿಕನ್ ಆಟದ ವಾರ್ಷಿಕ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಹಾಗೆ ಮಾಡಲಿಲ್ಲ. ಅರ್ಧ ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 15-12ರ ಮುನ್ನಡೆ, ಅಂಕ ತರುವ ತುದಿಯ ಗೆರೆ ಒಂದೇ ಗಜ ದೂರ, ನಾಲ್ಕನೆಯ ಪ್ರಯತ್ನ. ಒದ್ದರೆ ಮೂರು ಅಂಕ ಹೆಚ್ಚುಕಡಿಮೆ ಜೇಬಿನಲ್ಲಿದ್ದಂತೆ. ಚೆಂಡನ್ನು ಎಸೆಯುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ನ ಕೆಲಸ. ಅವತ್ತಿನ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಜೊತೆಯವರಿಗೆ ಏನೋ ಹೇಳುವವನಂತೆ ಬಲಕ್ಕೆ ಸರಿದು ನಿಂತ. ಚೆಂಡು ನೇರವಾಗಿ ಕೋರಿ ಕ್ಲೆಮೆಂಟ್ ಕೈಗೆ ಹೋಯಿತು, ಅವನಿಂದ ಟ್ರೇ ಬರ್ಟನ್‌ಗೆ. ಎಲ್ಲರ ಕಣ್ಣು ಚೆಂಡಿನ ಹಿಂದೆ ಹೋದಾಗ ಫೋಲ್ಸ್ ಮೆಲ್ಲನೆ ಗೆರೆ ದಾಟಿದ್ದ. ಅವನ ಸುತ್ತ ಒಬ್ಬನೂ ಇರಲಿಲ್ಲ. ಬರ್ಟನ್ ಎಸೆದ, ಫೋಲ್ಸ್ ಹಿಡಿದ. ಹೀಗೆ ಚೆಂಡನ್ನು ಗೆರೆಯಾಚೆ ಸೇರಿಸುವ ಟಚ್‌ಡೌನ್‌ಗೆ ಆರು, ನಂತರದ ಒದೆತಕ್ಕೆ ಒಂದು, ವಿರಾಮಕ್ಕೆ 22-12. ಕೊನೆಗೆ ಈಗಲ್ಸ್ 41-33ರಿಂದ ಗೆದ್ದರು. ಈ ಆಟ ನಿಂತು ನಿಂತು ಸಾಗುತ್ತದೆ ಎಂದು ಬೇಸರಪಡುವವರಿಗೆ ನಾನು ಆ ನಾಲ್ಕನೆಯ ಪ್ರಯತ್ನವನ್ನು ನೋಡಿ ಎನ್ನುತ್ತೇನೆ. ಆಟ ನಿಲ್ಲುವುದರಿಂದಲೇ ಅಂಥ ಸಂಚು ಹೂಡಲು ಸಾಧ್ಯ.

ನಿಲುಗಡೆಗೆ ತೆರಬೇಕಾದ ಬೆಲೆಯೂ ಇದೆ. ಗಡಿಯಾರದಲ್ಲಿ 60 ನಿಮಿಷದ ಪಂದ್ಯ ಟಿವಿಯಲ್ಲಿ ಮೂರು ಗಂಟೆ ದಾಟುತ್ತದೆ, ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಉಳಿದ ಹೊತ್ತಿನಲ್ಲಿ ಜಾಹೀರಾತು ಸಲೀಸಾಗಿ ಕೂರುತ್ತದೆ. 45 ನಿಮಿಷ ಬಿಡದೆ ಓಡುವ ನಮ್ಮ ಆಟದಲ್ಲಿ ಅದಕ್ಕೆ ಜಾಗ ಹುಡುಕುವುದು ಕಷ್ಟ.

ಮುಂದಕ್ಕೆ ಎಸೆಯುವ ಪಾಸ್ ಅಮೆರಿಕನ್ ಆಟಕ್ಕೆ ಬಂದದ್ದು 1906ರಲ್ಲಿ, ಸಾವುಗಳ ಕಾರಣದಿಂದ. ಒಬ್ಬರನ್ನೊಬ್ಬರು ತಬ್ಬಿ ಗುಂಪಾಗಿ ನುಗ್ಗುವ ಆಗಿನ ಪದ್ಧತಿಯಲ್ಲಿ ಹುಡುಗರು ಸಾಯುತ್ತಿದ್ದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಆಟವನ್ನು ಬಿಡಿಬಿಡಿಯಾಗಿಸಲು ಮೈದಾನವನ್ನು ಅಗಲ ಮಾಡಬೇಕು ಎಂಬ ಸಲಹೆ ಬಂತು. ಹಾರ್ವರ್ಡ್‌ನವರು ಆಗಷ್ಟೇ ಕಾಂಕ್ರೀಟಿನ ಕ್ರೀಡಾಂಗಣ ಕಟ್ಟಿ ಮುಗಿಸಿದ್ದರು, ಅದನ್ನು ಅಗಲ ಮಾಡುವಂತಿರಲಿಲ್ಲ. ಹಾಗಾಗಿ ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟರು. ಮೈದಾನ 53 ಗಜ ಚಿಲ್ಲರೆ ಅಗಲದಲ್ಲೇ ಉಳಿಯಿತು. 2026ರ ವಿಶ್ವಕಪ್ ಫೈನಲ್‌ಗೆ ಆರಿಸಿದ ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣ ಅಮೆರಿಕನ್ ಆಟಕ್ಕೆಂದು ಕಟ್ಟಿದ್ದು. ಫಿಫಾ ಕೇಳುವ 68 ಮೀಟರ್ ಅಗಲ ಹೊಂದಿಸಲು ಅಲ್ಲಿ ಮೂಲೆಗಳ ಆಸನಗಳನ್ನು ತೆಗೆಯಬೇಕಾಯಿತು.

ಚೆಂಡನ್ನು ಬಚ್ಚಿಟ್ಟುಕೊಳ್ಳುವ ಚಾಳಿ ಕೈಯಾಟಗಳಲ್ಲಿ ಮಾತ್ರ ಎಂದುಕೊಳ್ಳಬಾರದು. ನಮ್ಮ ಆಟದಲ್ಲೂ ಒಬ್ಬನಿಗೆ ಕೈ ಬಳಸುವ ಹಕ್ಕಿದೆ. 1990ರ ಇಟಲಿ ವಿಶ್ವಕಪ್ ನೋಡಿದವರಿಗೆ ನೆನಪಿರಬಹುದು: ಮುನ್ನಡೆಯಲ್ಲಿರುವ ತಂಡ ಚೆಂಡನ್ನು ಹಿಂದಕ್ಕೆ ಗೋಲ್‌ಕೀಪರ್‌ಗೆ ಕೊಡುವುದು, ಅವನು ಎತ್ತಿಕೊಂಡು ನಿಲ್ಲುವುದು. 1992ರಲ್ಲಿ ತನ್ನವರು ಕಾಲಿನಿಂದ ಬೇಕೆಂದೇ ಕೊಟ್ಟ ಚೆಂಡನ್ನು ಅವನು ಕೈಯಿಂದ ಮುಟ್ಟುವಂತಿಲ್ಲ ಎಂದರು. 2025ರಲ್ಲಿ ಇನ್ನೊಂದು ಹೆಜ್ಜೆ: ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್. ಯೇಲ್, ಪ್ರಿನ್ಸ್‌ಟನ್ ಎತ್ತಿದ ಪ್ರಶ್ನೆ ಹೀಗೆ ನಮ್ಮ ಗೋಲಿನ ಬಾಗಿಲಿಗೂ ಬಂತು.

ಆಸ್ಟ್ರೇಲಿಯದ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ. ರಗ್ಬಿ ಶಾಲೆಯಲ್ಲಿ ಓದಿ ಬಂದ ಕ್ರಿಕೆಟ್ ಆಟಗಾರ ಟಾಮ್ ವಿಲ್ಸ್, ಚಳಿಗಾಲದಲ್ಲಿ ಕ್ರಿಕೆಟಿಗರು ಮೈಗಳ್ಳರಾಗದಿರಲು ಒಂದು ಫುಟ್‌ಬಾಲ್ ಕ್ಲಬ್ ಬೇಕು ಎಂದು 1858ರ ಜುಲೈಯಲ್ಲಿ ಪತ್ರಿಕೆಗೆ ಬರೆದರು. ಮರುವರ್ಷ ಮೇ 17ರಂದು ಮೆಲ್ಬರ್ನ್‌ನಲ್ಲಿ ನಿಯಮ ಬರೆದಾಯಿತು, ಅಂದರೆ ಲಂಡನ್ನಿನ ಸಭೆಗಿಂತ ನಾಲ್ಕು ವರ್ಷ ಮೊದಲು. ನೆಲ ಗಟ್ಟಿ, ಆಡುವವರು ದುಡಿಯುವ ಗಂಡಸರು; ಆದ್ದರಿಂದ ಒದ್ದು ಬೀಳಿಸುವಂತಿಲ್ಲ. ಕ್ರಿಕೆಟ್ ಮೈದಾನಗಳಲ್ಲಿ ಆಡಿದ್ದರಿಂದ ಮೈದಾನ ಮೊಟ್ಟೆಯಾಕಾರವಾಯಿತು. ಮೂಲನಿವಾಸಿಗಳ ಮಾರ್ನ್‌ಗ್ರೂಕ್ ಎಂಬ ಚೆಂಡಾಟದ ಪ್ರಭಾವ ಎಷ್ಟಿತ್ತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಸಿಕ್ಕಿಬಿದ್ದವನಿಗೆ ಅಲ್ಲಿ ಹೀಗೆ ಕೇಳುತ್ತಾರೆ: ಚೆಂಡನ್ನು ಬಿಟ್ಟುಕೊಡಲು ನಿನಗೆ ಅವಕಾಶವಿತ್ತೇ? ಇದ್ದೂ ಇಟ್ಟುಕೊಂಡಿದ್ದರೆ ಹಿಡಿದವನಿಗೆ ಫ್ರೀ ಕಿಕ್. ಕೈಗೆ ಬಂದ ಕ್ಷಣವೇ ಹಿಡಿದುಬಿಟ್ಟಿದ್ದರೆ ಅಂಪೈರ್ ಚೆಂಡನ್ನು ಮೇಲೆ ಹಾರಿಸಿ ಮತ್ತೆ ಶುರು ಮಾಡುತ್ತಾನೆ. ದುರಾಸೆಗೆ ಶಿಕ್ಷೆ, ದುರದೃಷ್ಟಕ್ಕೆ ವಿನಾಯಿತಿ. ಸರದಿ ಎಣಿಸದೆ, ಆಟ ನಿಲ್ಲಿಸದೆ ಚೆಂಡು ಕೈಬದಲಾಗುವಂತೆ ಮಾಡಿದ್ದಾರೆ. ಗೇಲಿಕ್ ಆಟದಲ್ಲಂತೂ ಮೈಮೇಲೆ ಬಿದ್ದು ಹಿಡಿಯುವಂತೆಯೇ ಇಲ್ಲ. ಬದಲಿಗೆ ಚೆಂಡು ಹಿಡಿದವನಿಗೇ ನಿರ್ಬಂಧ: ನಾಲ್ಕು ಹೆಜ್ಜೆಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ತುದಿಯಿಂದ ಕೈಗೆ ಚಿಮ್ಮಿಸಿಕೊಳ್ಳಬೇಕು. ಆ ಗಳಿಗೆಯಲ್ಲಿ ಎದುರಾಳಿ ಚೆಂಡಿಗೆ ಕೈಹಾಕುತ್ತಾನೆ.

ಪರದೆಯ ಮೂಲೆಯ ಅಂಕಪಟ್ಟಿಯನ್ನೂ ಓದಲು ಕಲಿಯಬೇಕು. ಆಸ್ಟ್ರೇಲಿಯದಲ್ಲಿ ನಡುವಿನ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಗಿಡ್ಡ ಕಂಬದೊಳಗೆ ಹೋದರೆ ಒಂದು. ಗೋಲ್ ಅಂಪೈರ್ ಎರಡು ಬಿಳಿ ಬಾವುಟ ಬೀಸಿದರೆ ಆರು, ಒಂದು ಬೀಸಿದರೆ ಒಂದು. 2024ರ ಫೈನಲ್‌ನಲ್ಲಿ ಬ್ರಿಸ್ಬೇನ್ ಲಯನ್ಸ್ 18.12, ಸಿಡ್ನಿ ಸ್ವಾನ್ಸ್ 9.6. ಇದು ದಶಮಾಂಶವಲ್ಲ: 18 ಗೋಲು, 12 ಬಿಡಿ ಅಂಕ, ಒಟ್ಟು 120, ಎದುರಾಳಿಗೆ 60. ಗೇಲಿಕ್‌ನಲ್ಲಿ ಬಲೆಯೊಳಗೆ ಹೋದರೆ ಮೂರು, ಅಡ್ಡಪಟ್ಟಿಯ ಮೇಲಿನಿಂದ ಹೋದರೆ ಒಂದು. 2025ರಿಂದ 40 ಮೀಟರಿನ ಕಮಾನಿನ ಹೊರಗಿಂದ ಒದ್ದದ್ದಕ್ಕೆ ಎರಡು. ರಗ್ಬಿ ಯೂನಿಯನ್‌ನಲ್ಲಿ ಗೆರೆಯಾಚೆ ಚೆಂಡು ಊರಿದರೆ ಐದು, ಪೆನಾಲ್ಟಿ ಒದೆತಕ್ಕೆ ಮೂರು. ಈ ಲೆಕ್ಕಾಚಾರವೇ ತಂತ್ರವನ್ನು ಆಳುತ್ತದೆ. 2023ರ ರಗ್ಬಿ ವಿಶ್ವಕಪ್ ಫೈನಲ್‌ನಲ್ಲಿ ಗೆರೆ ದಾಟಿದ್ದು ನ್ಯೂಜಿಲೆಂಡ್ ಮಾತ್ರ, ಗೆದ್ದದ್ದು ದಕ್ಷಿಣ ಆಫ್ರಿಕಾ. ಹಾಂಡ್ರೆ ಪೊಲಾರ್ಡ್ ಒದ್ದ ನಾಲ್ಕು ಪೆನಾಲ್ಟಿಗಳಿಂದ 12-11.

ಯಾವ ಊರಿಗೆ ಯಾವ ಫುಟ್‌ಬಾಲ್ ಎಂಬುದನ್ನು ನಿಯಮ ತೀರ್ಮಾನಿಸಲಿಲ್ಲ. ಅದನ್ನು ಮಾಡಿದ್ದು ಕೂಲಿ, ಊರಿನ ಅಭಿಮಾನ, ರಾಜಕೀಯ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕಾರ್ಮಿಕರು ಶನಿವಾರ ರಗ್ಬಿ ಆಡಲು ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕು ಎಂದು ಕ್ಲಬ್ಬುಗಳು ಕೇಳಿದವು, ಹಣ ಮುಟ್ಟುವುದೇ ಆಟಕ್ಕೆ ಕಳಂಕ ಎಂದು ಲಂಡನ್ನಿನ ಸಿರಿವಂತರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದವರು ಬೇರೆಯಾದರು. ರಗ್ಬಿ ಲೀಗ್ ಹುಟ್ಟಿದ್ದು ಆ ಕೂಲಿಯ ಜಗಳದಿಂದ. ಯೂನಿಯನ್‌ನವರು ಆಟಗಾರರಿಗೆ ಬಹಿರಂಗವಾಗಿ ಹಣ ಕೊಡಲು ಒಪ್ಪಿದ್ದು ಸರಿಯಾಗಿ ನೂರು ವರ್ಷದ ಮೇಲೆ, 1995ರಲ್ಲಿ. ಆಸ್ಟ್ರೇಲಿಯದೊಳಗೂ ಒಂದು ಗೆರೆಯಿದೆ. ಸಿಡ್ನಿ, ಬ್ರಿಸ್ಬೇನ್ ಕಡೆಯವರಿಗೆ ರಗ್ಬಿ ಲೀಗ್. ಮೆಲ್ಬರ್ನ್, ಅಡಿಲೇಡ್, ಪರ್ತ್ ಕಡೆಯವರಿಗೆ ತಮ್ಮದೇ ರೂಲ್ಸ್. ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ ಅದಕ್ಕೆ ಆಟಗಾರ ರಾನ್ ಬರಾಸಿಯ ಹೆಸರಿಟ್ಟು 'ಬರಾಸಿ ಗೆರೆ' ಎಂದರು. ಯಾವ ಸರ್ಕಾರವೂ ಎಳೆಯದ ಗಡಿ ಅದು.

ಐರ್ಲೆಂಡಿನದು ಇನ್ನೂ ಆಳದ ಕಥೆ, ಕಾಸರಗೋಡಿನ ಕನ್ನಡಿಗನಾಗಿ ನಾನು ಅದನ್ನು ಸುಮ್ಮನೆ ಓದಿ ಬದಿಗಿಡಲಾರೆ. 1884ರಲ್ಲಿ ತರ್ಲೆಸ್ ಪಟ್ಟಣದಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪಿಸಿದವರಿಗೆ ಇಂಗ್ಲಿಷರ ಆಟಗಳ ಎದುರು ತಮ್ಮ ಆಟ ಉಳಿಯಬೇಕಿತ್ತು. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಒಳನುಗ್ಗಿ ಗುಂಡು ಹಾರಿಸಿದವು. ಸತ್ತ 14 ಮಂದಿಯಲ್ಲಿ ಟಿಪ್ಪರೆರಿ ತಂಡದ ಆಟಗಾರ ಮೈಕೆಲ್ ಹೋಗನ್ ಒಬ್ಬರು. ಅಲ್ಲಿಯ ಒಂದು ಗ್ಯಾಲರಿಗೆ ಇವತ್ತಿಗೂ ಅವರ ಹೆಸರಿದೆ. ಸಂಘದವರು 'ವಿದೇಶಿ' ಆಟ ಆಡಬಾರದು ಎಂಬ ನಿಷೇಧ 1971ರವರೆಗೆ ಇತ್ತು, ಆ ಮೈದಾನ ರಗ್ಬಿಗೂ ನಮ್ಮ ಫುಟ್‌ಬಾಲ್‌ಗೂ ತೆರೆದದ್ದು 2007ರಲ್ಲಿ.

1921ರಲ್ಲಿ ದ್ವೀಪ ಎರಡಾಯಿತು, ಉತ್ತರದ ಆರು ಕೌಂಟಿಗಳು (ಜಿಲ್ಲೆಗಳು) ಬ್ರಿಟನ್ನಿನಲ್ಲಿ ಉಳಿದವು. ಆಟಗಳು ಆ ಗೆರೆಯನ್ನು ಒಂದೇ ಬಗೆಯಲ್ಲಿ ಒಪ್ಪಲಿಲ್ಲ. ಅಸೋಸಿಯೇಷನ್ ಫುಟ್‌ಬಾಲ್‌ನಲ್ಲಿ ಎರಡು ರಾಷ್ಟ್ರೀಯ ತಂಡಗಳಾದವು. ರಗ್ಬಿಯಲ್ಲಿ ಇಡೀ ದ್ವೀಪಕ್ಕೆ ಒಂದೇ ತಂಡ ಉಳಿಯಿತು. ಗೇಲಿಕ್ ಸಂಘ ಗೆರೆಯ ಎರಡೂ ಕಡೆಯ ಕೌಂಟಿಗಳನ್ನು ಒಂದೇ ಚಾಂಪಿಯನ್‌ಷಿಪ್‌ನಲ್ಲಿ ಇಟ್ಟುಕೊಂಡಿತು. 2024ರ ಜುಲೈ 28ರಂದು ಕ್ರೋಕ್ ಪಾರ್ಕ್‌ನಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದದ್ದು ಆರ್ಮಾ, ಬ್ರಿಟನ್ನಿನ ಆಡಳಿತದಲ್ಲಿರುವ ಕೌಂಟಿ. ಗಾಲ್ವೆ ವಿರುದ್ಧ 1-11ಕ್ಕೆ 0-13, ಅಂದರೆ ಮೊದಲಿನದು ಗೋಲು, ನಂತರದ್ದು ಬಿಡಿ ಅಂಕ, ಒಟ್ಟು 14ಕ್ಕೆ 13. ಆಡಿದವರಿಗೆ ಸಂಬಳವಿಲ್ಲ. ಬಹುತೇಕ ಎಲ್ಲರೂ ತಾವು ಹುಟ್ಟಿ ಬೆಳೆದ ಕೌಂಟಿಗೇ ಆಡುವವರು, ಸೋಮವಾರ ಕೆಲಸಕ್ಕೆ ಹೋಗುವವರು. 1956ರ ನವೆಂಬರ್ 1ರಂದು ನಮ್ಮ ಕಡೆಯೂ ಗೆರೆ ಬಿತ್ತು. ನಮ್ಮ ಮಕ್ಕಳು ಶಾಲಾ ಕ್ರೀಡಾಕೂಟಕ್ಕೆ ತಿರುವನಂತಪುರದ ದಾರಿ ಹಿಡಿಯುತ್ತಾರೆ, ಊರಿನ ಕಬಡ್ಡಿ ಪಂದ್ಯಾಟಕ್ಕೆ ವಿಟ್ಲ, ಪುತ್ತೂರಿನ ಬಸ್ ಹತ್ತುತ್ತಾರೆ. ಗಡಿ ಒಪ್ಪಿಕೊಂಡೂ ಒಟ್ಟಿಗೆ ಆಡಬಹುದು ಎಂಬುದನ್ನು ಆರ್ಮಾದವರ ಆ ಒಂದು ಅಂಕದ ಗೆಲುವಿನಲ್ಲಿ ಕಂಡಾಗ ನನ್ನ ಕಣ್ಣು ತುಂಬಿತು.

ಆಸ್ಟ್ರೇಲಿಯನ್ ಮತ್ತು ಗೇಲಿಕ್ ಆಟಗಳ ನಂಟು ಎಷ್ಟು ಹತ್ತಿರವೆಂದರೆ, 1984ರಿಂದ ಎರಡೂ ದೇಶಗಳು ನಿಯಮಗಳನ್ನು ಬೆರೆಸಿ ಆಗಾಗ ಪರಸ್ಪರ ಆಡಿವೆ. ಕೆರಿ ಕೌಂಟಿಯ ಟೈಗ್ ಕೆನೆಲಿ 2005ರಲ್ಲಿ ಸಿಡ್ನಿ ಸ್ವಾನ್ಸ್ ಜೊತೆ ಆಸ್ಟ್ರೇಲಿಯದ ಫೈನಲ್ ಗೆದ್ದು, ಊರಿಗೆ ಮರಳಿ 2009ರಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನೂ ಗೆದ್ದರು.

ನೋಡುವ ಮನಸ್ಸಿದ್ದರೆ ಹೊತ್ತು ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಸೂಪರ್ ಬೌಲ್ ಫೆಬ್ರುವರಿಯ ಒಂದು ಸೋಮವಾರ ನಮ್ಮ ಬೆಳಗಿನ ಐದಕ್ಕೆ; ಪ್ರತಿ ಸರದಿಗೂ ಎಷ್ಟನೆಯ ಪ್ರಯತ್ನ, ಎಷ್ಟು ಗಜ ಬಾಕಿ ಎಂಬುದು ಪರದೆಯಲ್ಲೇ ಇರುತ್ತದೆ, ಅದೊಂದನ್ನೇ ಗಮನಿಸಿ. ಆಸ್ಟ್ರೇಲಿಯದ ಗ್ರ್ಯಾಂಡ್ ಫೈನಲ್ ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಗ್ಗೆ ಹತ್ತಕ್ಕೆ. ಅಲ್ಲಿ ಚೆಂಡಿನ ಹಿಂದೆ ಓಡುವವರನ್ನು ಬಿಟ್ಟು, ಅದು ಬೀಳಬಹುದಾದ ಜಾಗಕ್ಕೆ ಮೊದಲೇ ಹೊರಟವನನ್ನು ನೋಡಿ. ಅಖಿಲ ಐರ್ಲೆಂಡ್ ಫೈನಲ್ ಜುಲೈಯ ಭಾನುವಾರ ರಾತ್ರಿ ಎಂಟರ ಸುಮಾರಿಗೆ. ಊಟದ ಹೊತ್ತಿಗೆ ಮುಗಿಯುತ್ತದೆ, ನಿಯಮಗಳೂ ಕಡಿಮೆ. ಹೊಸಬರು ಅದರಿಂದಲೇ ಶುರು ಮಾಡುವುದು ಒಳ್ಳೆಯದು.